ಅತಿಥಿಗಳಿಗೆ ಪಾಳಿ ಹಚ್ಚುವವರು ಯಾರು?

ಪೆರು ದೇಶದ ಪುನೊ ಪಟ್ಟಣದಲ್ಲಿ ದೋಣಿ ಹತ್ತಿದರೆ ಟಿಟಿಕಾಕಾ ಸರೋವರದ ಮೇಲೆ ಸುಮಾರು ಮೂರು ತಾಸಿನ ಹಾದಿ, ಆಮೇಲೆ ಟಕೀಲೆ ದ್ವೀಪ. ಸಮುದ್ರಮಟ್ಟದಿಂದ 3,800 ಮೀಟರಿಗೂ ಎತ್ತರದಲ್ಲಿರುವ ಸರೋವರ ಅದು. ದಡದಿಂದ ಊರಿನ ಚೌಕಕ್ಕೆ ಐನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ಗಟ್ಟಿಮುಟ್ಟಾದವರೂ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳಬೇಕು. 1970ರ ದಶಕದ ಕೊನೆಯಲ್ಲಿ, 80ರ ದಶಕದ ಮೊದಲಲ್ಲಿ ಈ ಮೆಟ್ಟಿಲು ಹತ್ತಿ ಬಂದ ಹೊರದೇಶದವರನ್ನು ಎದುರುಗೊಳ್ಳುತ್ತಿದ್ದದ್ದು ದ್ವೀಪದವರೇ ನೇಮಿಸಿದ ಒಂದು ಸಮಿತಿ. ಬಂದವರ ಹೆಸರು, ದೇಶ ಬರೆದುಕೊಂಡು, ಇಂಥವರ ಮನೆಗೆ ಹೋಗಿ ಎಂದು ಹೇಳಿ, ಆ ಮನೆಯವರ ಜೊತೆ ಕಳಿಸಿಕೊಡುತ್ತಿತ್ತು. ಚೆಂದದ ಮನೆ ನೋಡಿ ಆರಿಸಿಕೊಳ್ಳಲು ಅತಿಥಿಗೆ ಅವಕಾಶವಿರಲಿಲ್ಲ. ದುಡ್ಡಿದ್ದವರಂತೆ ಕಾಣುವ ಅತಿಥಿಯನ್ನು ಎಳೆದುಕೊಂಡು ಹೋಗಲು ಮನೆಯವರಿಗೂ ಅವಕಾಶವಿರಲಿಲ್ಲ. ನಮ್ಮ ಕಾಲುವೆ ನೀರಿಗೆ ಪಾಳಿ ಹಚ್ಚುವಂತೆ ಅಲ್ಲಿ ಅತಿಥಿಗಳಿಗೆ ಪಾಳಿ ಹಚ್ಚಿದ್ದರು. ದರವೂ ಒಂದೇ, ಅದನ್ನು ನಿಗದಿ ಮಾಡಿದ್ದೂ ಊರಿನ ಸಭೆಯೇ.

ಹೊರದೇಶಕ್ಕೆ ಹೋದಾಗ ಹಳ್ಳಿ ನೋಡಬೇಕು, ಅಲ್ಲಿನ ಒಂದು ಸಂಸಾರದ ಜೊತೆ ಕೂತು ಉಣ್ಣಬೇಕು ಎಂಬ ಆಸೆ ಈಗ ಕನ್ನಡಿಗ ಪ್ರವಾಸಿಗರಲ್ಲೂ ಬೆಳೆದಿದೆ. ಬೆಂಗಳೂರಿನ ಟೂರ್ ಪ್ಯಾಕೇಜುಗಳಲ್ಲಿ ವಿಯೆಟ್ನಾಂ, ಥಾಯ್ಲೆಂಡ್, ಬಾಲಿ ಎಂದಾಗ ಅರ್ಧ ದಿನದ ಒಂದು ಹಳ್ಳಿ ಭೇಟಿಯೂ ಎಷ್ಟೋ ಸಲ ಸೇರಿರುತ್ತದೆ. ಈ ಆಸೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ರಾಜಧಾನಿಯ ಅರಮನೆ, ಮಾಲ್‌ಗಳನ್ನಷ್ಟೇ ನೋಡಿ ಬಂದವರಿಗೆ ಆ ದೇಶದ ಬಹುಪಾಲು ಜನ ಹೇಗೆ ಬದುಕುತ್ತಾರೆಂಬ ಸುಳಿವೂ ಸಿಗುವುದಿಲ್ಲ. ಆದರೆ ಇಂಥ ಭೇಟಿಯಿಂದ ಆ ಮನೆಗೆ ಒಳಿತಾಯಿತೋ ಕೆಡುಕಾಯಿತೋ ಎಂಬುದನ್ನು ಹೋದವರ ಒಳ್ಳೆಯ ಮನಸ್ಸಿನಿಂದಾಗಲಿ, ಬರಮಾಡಿಕೊಂಡವರ ಆದರದಿಂದಾಗಲಿ ಅಳೆಯಲಾಗದು. ದೋಣಿ ಯಾರದು, ಪಾಳಿ ಹಚ್ಚುವವರು ಯಾರು, ದರ ಹೇಳುವವರು ಯಾರು, ಇವತ್ತು ಬೇಡ ಎನ್ನುವ ಅಧಿಕಾರ ಯಾರಿಗಿದೆ — ನಿರ್ಣಾಯಕವಾದದ್ದು ಇಷ್ಟು. ಟಕೀಲೆಯನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಅದೇ ದ್ವೀಪ, ಅದೇ ಜನ ಇದ್ದೂ ಈ ಅಧಿಕಾರ ಒಮ್ಮೆ ಊರಿನ ಕೈಗೆ ಬಂದು, ಆಮೇಲೆ ಬಹುಮಟ್ಟಿಗೆ ಕೈತಪ್ಪಿತು. ಎರಡೂ ಕಾಲದ ಫಲಗಳನ್ನು ಹೋಲಿಸಿ ನೋಡಲು ಸಾಧ್ಯವಾಗುವಂಥ ಇಂಥ ಊರುಗಳು ಹೆಚ್ಚಿಲ್ಲ.

ಟಕೀಲೆ ಚಿಕ್ಕ ದ್ವೀಪ. ಉದ್ದ ಐದೂವರೆ ಕಿಲೋಮೀಟರಿನಷ್ಟು, ಜನಸಂಖ್ಯೆ ಸುಮಾರು ಎರಡು ಸಾವಿರ, ಮಾತು ಕೆಚುವಾ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸರ್ಕಾರ ಇದನ್ನು ರಾಜಕೀಯ ಕೈದಿಗಳನ್ನು ಇಡಲು ಬಳಸುತ್ತಿತ್ತು. ಹೊಲಗಳು ದ್ವೀಪದ ಹೊರಗಿನ ಜಮೀನ್ದಾರರ ಹೆಸರಿನಲ್ಲಿದ್ದವು. 1930ರ ದಶಕದಿಂದ ಮುಂದೆ ದ್ವೀಪದವರು ಹಣ ಕೂಡಿಹಾಕಿ, ಕೋರ್ಟು ಕಚೇರಿ ಅಲೆದು, ತುಂಡು ತುಂಡಾಗಿ ತಮ್ಮ ನೆಲವನ್ನು ತಾವೇ ಕೊಂಡುಕೊಂಡರು. ಪ್ರವಾಸೋದ್ಯಮದ ಬಗೆಗಿನ ಬರಹಗಳು ಈ ಹಿನ್ನೆಲೆಯನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇದೇ ಮುಖ್ಯವೆನಿಸುತ್ತದೆ. ನೆಲ ತಮ್ಮದಾಗಿದ್ದರಿಂದಲೇ, 1970ರ ದಶಕದ ನಡುವಿನಲ್ಲಿ ಒಂದು ಪ್ರವಾಸ ಕೈಪಿಡಿಯಲ್ಲಿ ದ್ವೀಪದ ಹೆಸರು ಬಂದು ಬೆನ್ನುಚೀಲ ಹೊತ್ತವರು ಬರತೊಡಗಿದಾಗ, ಹೊರಗಿನವರು ಬಂದು ಹೋಟೆಲು ಕಟ್ಟಲಾಗಲಿಲ್ಲ. ದ್ವೀಪದ ಮನೆಗಳವರು ತಮ್ಮಲ್ಲೇ ಸಹಕಾರಿ ಗುಂಪುಗಳನ್ನು ಮಾಡಿಕೊಂಡು, ಮರದ ದೋಣಿ ಕಟ್ಟಿ, ಹಳೆಯ ವಾಹನಗಳಿಂದ ಕಳಚಿದ ಇಂಜಿನ್ನುಗಳನ್ನು ಕೂರಿಸಿದರು. ಬಿಡಿಭಾಗಗಳಿಗೆ ಇಂಟರ್-ಅಮೆರಿಕನ್ ಫೌಂಡೇಶನ್ನಿನ ನೆರವು ಸಿಕ್ಕಿತು. 80ರ ದಶಕದ ಮೊದಲ ವರ್ಷಗಳಲ್ಲೇ ಇಂಥ ಗುಂಪುಗಳು ಹತ್ತಕ್ಕೂ ಹೆಚ್ಚಾಗಿದ್ದವು. ಪುನೊದ ಖಾಸಗಿ ದೋಣಿಯವರನ್ನು ಹಿಂದೆ ಹಾಕಿ, ದ್ವೀಪಕ್ಕೆ ಜನರನ್ನು ತರುವ ಹಕ್ಕನ್ನು ಅಧಿಕೃತವಾಗಿಯೇ ಅವರು ಪಡೆದುಕೊಂಡಿದ್ದರು.

ಹೀಗೆ ದೋಣಿ, ಮನೆ, ದರ ಮೂರೂ ಒಂದೇ ಕೈಯಲ್ಲಿದ್ದಾಗ ಏನಾಯಿತೆಂಬುದಕ್ಕೆ ಅಲ್ಲಿನ ನೇಯ್ಗೆಯನ್ನು ಹತ್ತಿರದಿಂದ ನೋಡಬೇಕು. ಟಕೀಲೆಯಲ್ಲಿ ಗಂಡಸರು ಹೆಣೆಯುತ್ತಾರೆ, ಅದೂ ನಡೆಯುತ್ತ, ಮಾತಾಡುತ್ತ. ತೆಳ್ಳನೆಯ ಕಡ್ಡಿಗಳಿಂದ ಕಿವಿ ಮುಚ್ಚುವ ‘ಚುಯೊ’ ಎಂಬ ಉಣ್ಣೆ ಟೋಪಿ ಹೆಣೆಯುವುದನ್ನು ಹುಡುಗರು ಎಳವೆಯಲ್ಲೇ ಕಲಿಯುತ್ತಾರೆ. ಪೂರ್ತಿ ಕೆಂಪು ಟೋಪಿ ಮದುವೆಯಾದವನದು. ಮೇಲ್ಭಾಗ ಬಿಳಿಯಾಗಿದ್ದರೆ ಮದುವೆಯಾಗದವನು. ಹೆಣಿಗೆ ಎಷ್ಟು ಒತ್ತಾಗಿರಬೇಕೆಂದರೆ ಟೋಪಿಯನ್ನು ತಲೆಕೆಳಗಾಗಿ ಹಿಡಿದು ಒಳಗೆ ನೀರು ಹೊಯ್ದರೂ ಸೋರಬಾರದು, ಹಾಗಿದ್ದರೇ ಹೆಣ್ಣು ಕೊಡುವವರಿಗೆ ಸಮಾಧಾನ ಎಂದು ಅಲ್ಲಿ ಹೇಳುತ್ತಾರೆ. ಹೆಂಗಸರು ನೆಲಕ್ಕೆ ಗೂಟ ಹೊಡೆದು ಕಟ್ಟಿದ ಮಗ್ಗದಲ್ಲಿ ಅಗಲವಾದ ಸೊಂಟಪಟ್ಟಿ ನೇಯುತ್ತಾರೆ. ಬಿತ್ತನೆ, ಕೊಯ್ಲು, ಹಬ್ಬಗಳ ವರ್ಷಚಕ್ರವೆಲ್ಲ ಅದರ ಚಿತ್ರಗಳಲ್ಲಿ ಬರುತ್ತದೆ. ಅದನ್ನು ಪಂಚಾಂಗದ ಪಟ್ಟಿ ಎಂದೇ ಕರೆಯಬಹುದು. ಇವೆಲ್ಲ ಚೌಕದ ಸಹಕಾರಿ ಅಂಗಡಿಯಲ್ಲಿ ನಿಗದಿತ ದರಕ್ಕೆ ಮಾರಾಟವಾದವು. ಅಂಗಡಿಯಲ್ಲಿ ಕೂರುವುದಕ್ಕೂ ಸದಸ್ಯರಿಗೆ ಸರದಿ. ಚೌಕಾಸಿಗೆ ಎಡೆಯಿಲ್ಲದ್ದರಿಂದ, ಹೊಟ್ಟೆಪಾಡಿಗೆಂದು ನೆರೆಮನೆಯವರಿಗಿಂತ ನಾಲ್ಕು ಕಾಸು ಕಡಿಮೆಗೆ ಕೊಟ್ಟುಬಿಡುವ ಸ್ಥಿತಿ ಯಾರಿಗೂ ಬರಲಿಲ್ಲ. ಯುನೆಸ್ಕೊ ಈ ನೇಯ್ಗೆಯನ್ನು 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಶ್ರೇಷ್ಠ ಮಾದರಿಯೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಪ್ರವಾಸಿಗರು ಕಾಲಿಟ್ಟಲ್ಲಿ ಸಂಸ್ಕೃತಿ ಹಾಳಾಗುತ್ತದೆ, ಆದ್ದರಿಂದ ಹಳ್ಳಿಗಳನ್ನು ಅವುಗಳ ಪಾಡಿಗೆ ಬಿಡುವುದೇ ಲೇಸು ಎನ್ನುವವರಿದ್ದಾರೆ. ಅವರ ಆತಂಕ ಪ್ರಾಮಾಣಿಕವಾದದ್ದು. ಹಾಳಾದ ಊರುಗಳ ಪಟ್ಟಿಯೂ ದೊಡ್ಡದಿದೆ. ಆದರೆ ಟಕೀಲೆಯ ನೇಯ್ಗೆ ಮುಂದುವರಿದದ್ದು ಪ್ರವಾಸಿಗರು ಬಂದರೂ ಅಲ್ಲ, ಬಂದದ್ದರಿಂದಲೇ ಎನ್ನಲು ಆಧಾರವಿದೆ. ಆ ದ್ವೀಪದಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಎಲೇನ್ ಝೋರ್ನ್ 2004ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬಟ್ಟೆ, ಪ್ರವಾಸೋದ್ಯಮ, ದ್ವೀಪದ ಗುರುತು ಇವು ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ವಿವರವಾಗಿ ತೋರಿಸಿದ್ದಾರೆ. ಮಾರಲು ನೇಯ್ದದ್ದು ಬೇರೆ, ಮನೆಮಂದಿ ಉಡಲು ನೇಯ್ದದ್ದು ಬೇರೆ ಆಗಿರಬಹುದು. ಅದರಲ್ಲಿ ತಪ್ಪೇನಿಲ್ಲ, ಇಳಕಲ್ಲಿನ ನೇಕಾರರೂ ಪೇಟೆಗೊಂದು ಸೀರೆ, ಮಗಳ ಮದುವೆಗೊಂದು ಸೀರೆ ನೇಯ್ದಾರು. ಪರಂಪರೆಯನ್ನು ಕಾಪಾಡುವ ಭಾರವನ್ನು ಬಡವರ ಮೇಲೆ ಹೊರಿಸಿ, ಅದರಿಂದ ಅವರಿಗೆ ನಾಲ್ಕು ಕಾಸು ಸಿಗುವ ದಾರಿಯನ್ನು ಮಾತ್ರ ಮುಚ್ಚಬೇಕೆನ್ನುವ ವಾದವನ್ನು ನಾನು ಒಪ್ಪಲಾರೆ.

ದ್ವೀಪದ ಈ ಹಿಡಿತ ಕೈತಪ್ಪತೊಡಗಿದ್ದು 1990ರ ನಂತರ. ಆ ವರ್ಷ ಆಲ್ಬರ್ಟೊ ಫುಜಿಮೋರಿ ಪೆರುವಿನ ಅಧ್ಯಕ್ಷರಾದರು. ಮಾರುಕಟ್ಟೆಯನ್ನು ಎಲ್ಲರಿಗೂ ತೆರೆಯುವ ಅವರ ಸರ್ಕಾರದ ಧೋರಣೆಯಲ್ಲಿ ಏಕಸ್ವಾಮ್ಯಗಳಿಗೆ ಜಾಗವಿರಲಿಲ್ಲ. ದೊಡ್ಡ ಕಂಪನಿಗಳ ಏಕಸ್ವಾಮ್ಯಕ್ಕೂ, ಎರಡು ಸಾವಿರ ಜನರ ಒಂದು ದ್ವೀಪ ತನ್ನ ಹೊಸ್ತಿಲ ಮೇಲೆ ಇಟ್ಟುಕೊಂಡಿದ್ದ ಹಿಡಿತಕ್ಕೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಪುನೊದ ಏಜೆನ್ಸಿಗಳು ವೇಗದ ದೋಣಿಗಳೊಂದಿಗೆ ಇಳಿದವು. ಬರುವವರ ಸಂಖ್ಯೆ ಏರಿತು, ಆದರೆ ಉಳಿಯುವವರ ಪಾಲು ಇಳಿಯಿತು. ಬೆಳಿಗ್ಗೆ ಹೊರಟು, ಜೊಂಡುಹುಲ್ಲಿನ ಮೇಲೆ ತೇಲುವ ಉರೋಸ್ ಜನರ ದ್ವೀಪಗಳಲ್ಲಿ ಸ್ವಲ್ಪ ಹೊತ್ತು ನಿಂತು, ಟಕೀಲೆಯಲ್ಲಿ ಊಟ ಮುಗಿಸಿ, ಸಂಜೆಗೆ ಪುನೊಗೆ ಮರಳುವ ದಿನದ ಪ್ರವಾಸವೇ ಮಾಮೂಲಾಯಿತು. ಟಿಕೆಟ್ಟಿನ ದುಡ್ಡು, ಗೈಡಿನ ದುಡ್ಡು ಪಟ್ಟಣದಲ್ಲೇ ಉಳಿಯಿತು. ದ್ವೀಪಕ್ಕೆ ಸಿಕ್ಕಿದ್ದು ಊಟದ ಬಿಲ್ಲು, ಒಂದೆರಡು ಟೋಪಿಗಳ ಮಾರಾಟ. ಭೇಟಿಯ ಗುಣವೂ ಬದಲಾಯಿತು. ರಾತ್ರಿ ತಂಗುವ ಅತಿಥಿಗೆ ಮನೆಯವರು ಬೆಳಿಗ್ಗೆ ಕುರಿ ಅಟ್ಟುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು ಎಲ್ಲ ಕಾಣುತ್ತದೆ. ಗಡಿಯಾರ ನೋಡುತ್ತ ಊಟ ಮುಗಿಸುವವರಿಗೆ ಕಾಣುವುದು ಹಾಕಿಟ್ಟ ಮೇಜು ಮಾತ್ರ. ಗಮನಿಸಬೇಕಾದ ಸಂಗತಿಯೆಂದರೆ ಈ ಹತ್ತಿಪ್ಪತ್ತು ವರ್ಷಗಳಲ್ಲಿ ದ್ವೀಪದವರ ಸ್ವಭಾವ ಕೆಡಲಿಲ್ಲ, ಪ್ರವಾಸಿಗರೂ ಕೆಟ್ಟವರಾಗಲಿಲ್ಲ. ಬದಲಾದದ್ದು ದೋಣಿಯ ಒಡೆತನ. ದ್ವೀಪದವರು ಮುಂದೆ ತಮ್ಮದೇ ಪ್ರವಾಸ ಏಜೆನ್ಸಿ ಕಟ್ಟಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಯತ್ನಿಸಿದ್ದೂ ಅದು ಅವರಿಗೆ ಗೊತ್ತಿದ್ದರಿಂದಲೇ.

ಹಾಗೆಂದು ಊರಿನ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಟಕೀಲೆಯ ನೆರೆಯ ಅಮಂತಾನಿ ದ್ವೀಪ ಇದಕ್ಕೆ ಸಾಕ್ಷಿ. ಅಲ್ಲಿ ಬಂದವರು ಹಳ್ಳಿಯ ಮನೆಗಳಲ್ಲೇ ತಂಗುವುದು ರೂಢಿ. ಬೇಸಾಯಗಾರರ ಮಣ್ಣಿನ ಗೋಡೆಯ ಮನೆ, ದಪ್ಪ ಉಣ್ಣೆ ಹೊದಿಕೆಗಳು, ರಾತ್ರಿ ಕೊರೆಯುವ ಚಳಿ. ಊಟಕ್ಕೆ ಕಿನೊವಾ ಕಾಳಿನ ಸಾರು, ಬೇಯಿಸಿದ ಬಗೆಬಗೆಯ ಆಲೂಗಡ್ಡೆ, ಹುರಿದ ಗಿಣ್ಣು, ಕೊನೆಗೆ ‘ಮುನ್ಯಾ’ ಎಂಬ ಪುದೀನದಂಥ ಸೊಪ್ಪಿನ ಕಷಾಯ. ಸಸ್ಯಾಹಾರಿ ಕನ್ನಡಿಗರು ದಕ್ಷಿಣ ಅಮೆರಿಕದಲ್ಲಿ ನಿಶ್ಚಿಂತೆಯಿಂದ ಊಟಕ್ಕೆ ಕೂರಬಹುದಾದ ಜಾಗಗಳಲ್ಲಿ ಇದೊಂದು. ಆದರೆ ಸ್ಪೇನಿನ ಮಾನವಶಾಸ್ತ್ರಜ್ಞ ಜೋರ್ಡಿ ಗಾಸ್ಕೋನ್ ಈ ದ್ವೀಪದ ಬಗ್ಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ಮೋಟಾರು ದೋಣಿ ಕೊಳ್ಳುವಷ್ಟು ಶಕ್ತಿ ಇದ್ದ ಕೆಲವು ಮನೆತನಗಳು ಬಂದ ಪ್ರವಾಸಿಗರನ್ನು ತಮ್ಮ ಮನೆಗೆ, ತಮ್ಮ ನೆಂಟರಿಷ್ಟರ ಮನೆಗೇ ಕರೆದೊಯ್ದವು. ಉಳಿದವರು ದಡದಲ್ಲಿ ನಿಂತು ನೋಡಬೇಕಾಯಿತು. ಮೊದಲೇ ಇದ್ದ ಏರುತಗ್ಗು ಇನ್ನಷ್ಟು ಹೆಚ್ಚಿ, ದ್ವೀಪದೊಳಗೇ ಜಗಳ ಹುಟ್ಟಿತು. ಊರು ಎನ್ನುವುದು ಒಂದೇ ಮನಸ್ಸಿನ ಒಂದೇ ಕುಟುಂಬವೆಂದು ನಂಬಿ ಅಧಿಕಾರ ಕೊಟ್ಟರೆ ಅದು ಊರಿನ ಬಲಾಢ್ಯರ ಪಾಲಾಗುತ್ತದೆ. ಇದು ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ, ಇನ್ನಷ್ಟು ನಿಖರಗೊಳಿಸುತ್ತದೆ. ಅಧಿಕಾರ ಊರಲ್ಲಿದ್ದರೆ ಸಾಲದು, ಅದು ಎಲ್ಲರಿಗೂ ಕಾಣುವ ಪಾಳಿಯ ರೂಪದಲ್ಲಿರಬೇಕು. ಅಮಂತಾನಿಯಲ್ಲಿ ಮನೆಗಳ ಸರದಿಗಾಗಿ ಜನ ಪಟ್ಟುಹಿಡಿದದ್ದು ಇದಕ್ಕಾಗಿಯೇ.

ಅಧಿಕಾರ ಪೂರ್ತಿ ಹೊರಗಿನವರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಥಾಯ್ಲೆಂಡಿನ ಉತ್ತರಕ್ಕೆ ಹೋಗಬೇಕು. ಮ್ಯಾನ್ಮಾರಿನ ಕಾಳಗದಿಂದ ತಪ್ಪಿಸಿಕೊಂಡು 1980ರ ದಶಕದಲ್ಲಿ ಗಡಿ ದಾಟಿದ ಕಯಾನ್ ಜನರನ್ನು ಮೇ ಹಾಂಗ್ ಸಾನ್ ಪ್ರಾಂತ್ಯದ ಕೆಲವು ಹಳ್ಳಿಗಳಲ್ಲಿ ನೆಲೆಗೊಳಿಸಲಾಯಿತು. ಅವರ ಹೆಣ್ಣುಮಕ್ಕಳಿಗೆ ಕೊರಳ ಸುತ್ತ ಹಿತ್ತಾಳೆಯ ಸುರುಳಿಯನ್ನು ಎಳೆಯ ವಯಸ್ಸಿನಿಂದಲೇ ತೊಡಿಸುತ್ತಾರೆ. ಅದರ ಭಾರಕ್ಕೆ ಹೆಗಲಿನ ಎಲುಬು ಕೆಳಗಿಳಿಯುತ್ತದೆಯೇ ಹೊರತು ಕೊರಳೇನೂ ಉದ್ದವಾಗುವುದಿಲ್ಲ. ‘ನೀಳ ಕೊರಳಿನ ಹೆಂಗಸರು’ ಎಂದು ಪ್ರಚಾರ ಮಾಡಿ ಹಳ್ಳಿಯ ಬಾಗಿಲಲ್ಲೇ ವಿದೇಶಿಯರಿಂದ ಪ್ರವೇಶ ಶುಲ್ಕ ವಸೂಲಾಯಿತು. 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಹಿರಂಗವಾಗಿ ಆಕ್ಷೇಪವೆತ್ತಿತು. ನ್ಯೂಜಿಲೆಂಡ್, ಫಿನ್ಲೆಂಡ್‌ ದೇಶಗಳು ಕರೆಸಿಕೊಳ್ಳಲು ಒಪ್ಪಿದ್ದ ಕಯಾನ್ ನಿರಾಶ್ರಿತರಿಗೆ ಥಾಯ್ ಅಧಿಕಾರಿಗಳು ದೇಶ ಬಿಡಲು ಅನುಮತಿ ಕೊಟ್ಟಿರಲಿಲ್ಲ. ಪ್ರವಾಸಿಗರ ಆಕರ್ಷಣೆ ಕೈಬಿಟ್ಟುಹೋದೀತು ಎಂಬುದೇ ಇದಕ್ಕೆ ಕಾರಣವೆಂಬ ಆರೋಪ ಬಂತು. ಮನುಷ್ಯರ ಮೃಗಾಲಯ ಎಂಬ ಕಟು ಮಾತೂ ಆಗ ಕೇಳಿಬಂತು. ಪ್ರತಿಭಟಿಸಿ ಕೊರಳ ಸುರುಳಿ ಕಳಚಿಟ್ಟವರೂ ಇದ್ದರು. ಆ ಹಳ್ಳಿಗಳಿಗೆ ಹೋದ ಸಾವಿರಾರು ಪ್ರವಾಸಿಗರಲ್ಲಿ ಹೆಚ್ಚಿನವರು ನಕ್ಕು ಮಾತಾಡಿಸಿ, ಒಂದು ಶಾಲು ಕೊಂಡು, ಆ ಹೆಂಗಸರಿಗೆ ಒಳ್ಳೆಯದಾಗಲಿ ಎಂದೇ ಬಯಸಿ ಬಂದಿರುತ್ತಾರೆ. ಎದುರು ಕೂತವರಿಗೆ ಎದ್ದುಹೋಗುವ ಹಕ್ಕಿಲ್ಲ ಎಂಬುದು ಅವರಿಗೆ ಕಾಣುವಂತೆಯೇ ಇರಲಿಲ್ಲ.

ಇಲ್ಲಿ ಬಲವಾದ ಇನ್ನೊಂದು ಆಕ್ಷೇಪ ಬರುತ್ತದೆ. ಬಡವರ ಮನೆಗೆ ನಾಲ್ಕು ಕಾಸು ಬಂದರೆ ಬರಲಿ, ಯಾರ ಮೂಲಕ ಬಂತೆಂದು ವಿಚಾರಿಸುತ್ತ ಕೂತರೆ ಅದೂ ತಪ್ಪೀತು ಎನ್ನುವುದು. ಹಸಿದವರ ಮುಂದೆ ತತ್ವ ಹೇಳಬಾರದೆಂಬುದು ನಿಜ. ಆದರೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೋ ಬದುಕೂ ಆ ದಾರಿಗೆ ಹೊಂದಿಕೊಳ್ಳುತ್ತದೆ. ಕಾಂಬೋಡಿಯದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇಕಡ 75ರಷ್ಟು ಏರಿತೆಂದು ಯುನಿಸೆಫ್ ಕಂಡುಕೊಂಡಿತು. ಅಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಕ್ಕಳಿಗೆ ತಾಯಿ ಅಥವಾ ತಂದೆ ಬದುಕಿದ್ದರು. ಮಕ್ಕಳನ್ನು ನೋಡಿ, ಕರಗಿ, ಕೈಬಿಚ್ಚಿ ಕೊಡುವ ವಿದೇಶಿಯರು ಬರುತ್ತಿದ್ದುದೇ ಈ ಏರಿಕೆಯ ಹಿಂದಿನ ಒಂದು ದೊಡ್ಡ ಕಾರಣವಾಗಿತ್ತು. ಕರುಣೆಗೆ ಬೆಲೆ ಕಟ್ಟುವವರಿದ್ದಾಗ ಮನೆಯಿಂದ ಮಕ್ಕಳನ್ನು ಹೊರತೆಗೆಯುವುದೂ ಒಂದು ವ್ಯಾಪಾರವಾಯಿತು. ಹಳ್ಳಿಯಲ್ಲಿ ಎದುರಾದ ಮಕ್ಕಳಿಗೆಲ್ಲ ಚಾಕಲೇಟು, ಪೆನ್ನು ಹಂಚುವುದು ಇದರಷ್ಟು ಘೋರವಲ್ಲ. ಆದರೂ ಶಾಲೆ ತಪ್ಪಿಸಿ ದಾರಿಯಲ್ಲಿ ನಿಂತರೆ ಲಾಭ ಎಂದು ಮಕ್ಕಳಿಗೆ ಕಲಿಸುವುದು ಅದೇ ದಾರಿಯ ಮೊದಲ ಹೆಜ್ಜೆ. ಕೊಡುವುದಿದ್ದರೆ ಊರಿನ ಶಾಲೆಗೆ, ಸಮಿತಿಗೆ, ಹಿರಿಯರ ಕೈಗೆ ಕೊಡಬೇಕು.

ಇಷ್ಟೆಲ್ಲ ಕಟ್ಟುಕಟ್ಟಳೆ ಇದ್ದರೆ ಸಹಜತೆ ಎಲ್ಲಿ ಉಳಿಯಿತು, ಎಲ್ಲ ನಾಟಕದಂತಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಅಮಂತಾನಿಯಲ್ಲಿ ರಾತ್ರಿ ಅತಿಥಿಗಳಿಗೆ ಅಲ್ಲಿನ ಲಂಗ, ಪಾಂಚೊ ತೊಡಿಸಿ ಊರಿನ ಸಭಾಂಗಣದಲ್ಲಿ ಕುಣಿಸುವುದನ್ನು ಇದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಪ್ರವಾಸಿಗರಿಗಾಗಿಯೇ ಸಜ್ಜುಗೊಳಿಸಿದ ಸಹಜತೆಯ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮ್ಯಾಕನೆಲ್ 1970ರ ದಶಕದಲ್ಲೇ ಬರೆದರು, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಈ ದೂರು ಪ್ರವಾಸಿಯ ಕಡೆಯದು, ಆತಿಥ್ಯ ಕೊಡುವವರದಲ್ಲ. ವಾರಕ್ಕೆ ಮೂರು ಸಲ ಅಪರಿಚಿತರು ಅಡುಗೆಮನೆಗೆ ಬಂದು ಕೂರುವಾಗ, ಮನೆಯವರಿಗೂ ತಮ್ಮದೆಂದು ಉಳಿಸಿಕೊಳ್ಳುವ ಒಂದು ಕೋಣೆ, ಒಂದು ಹೊತ್ತು, ಒಂದು ಮಾತು ಬೇಕಾಗುತ್ತದೆ. ಸಭಾಂಗಣದ ಕುಣಿತ ಇದ್ದರೆ ಬೆಟ್ಟದ ಮೇಲಿನ ಪಾಚಾತಾತಾ (ಭೂತಂದೆ), ಪಾಚಾಮಾಮಾ (ಭೂತಾಯಿ) ಗುಡಿಗಳಲ್ಲಿ ಜನವರಿಯಲ್ಲಿ ನಡೆಯುವ ಆರಾಧನೆಯನ್ನು ಅವರು ತಮ್ಮ ಪಾಡಿಗೆ ತಾವು ನಡೆಸಿಕೊಳ್ಳಬಹುದು. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂದು ಅವರೇ ನಿರ್ಧರಿಸಿದ್ದರೆ ಆ ಪ್ರದರ್ಶನದಲ್ಲಿ ಸುಳ್ಳೇನೂ ಇಲ್ಲ. ನಮ್ಮ ಮನೆಗೆ ನೆಂಟರು ಬಂದಾಗ ನಾವೂ ಎಲ್ಲ ಕೋಣೆಗಳ ಬಾಗಿಲು ತೆರೆದಿಡುವುದಿಲ್ಲ.

ಬೆಂಗಳೂರಿನ ಪ್ಯಾಕೇಜುಗಳಲ್ಲಿ ವಿಯೆಟ್ನಾಮೂ ಇದೆ, ಆದ್ದರಿಂದ ಅಲ್ಲಿನ ಉತ್ತರದ ಸಾಪಾ ಕಣಿವೆಯ ಮಾತು. 2014ರಲ್ಲಿ ಹನೋಯ್‌ಯಿಂದ ಸಾಪಾಗೆ ಹತ್ತಿರದ ಲಾವೊ ಕಾಯ್‌ಗೆ ಹೆದ್ದಾರಿ ತೆರೆಯಿತು, 2016ರಲ್ಲಿ ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರ್ ಬಂತು. ಸಾಪಾ ಪಟ್ಟಣದ ದೊಡ್ಡ ಹೋಟೆಲುಗಳ ಲಾಭ ಬಹುಮಟ್ಟಿಗೆ ಬಯಲುಸೀಮೆಯಿಂದ ಬಂದ ಬಹುಸಂಖ್ಯಾತ ಕಿನ್ಹ್ ಜನರಿಗೆ, ಕಂಪನಿಗಳಿಗೆ. ಗುಡ್ಡದ ಹ್ಮಾಂಗ್ ಹೆಂಗಸರಿಗೆ ಪ್ರವಾಸಿಗರ ಜೊತೆ ಮೈಲುಗಟ್ಟಲೆ ನಡೆದು ಕೊನೆಗೆ ಒಂದು ಚೀಲ ಕೊಳ್ಳಿ ಎಂದು ಕೇಳುವ ಪಾಡು. ಸೆಣಬಿನ ಬಟ್ಟೆಗೆ ನೀಲಿ ಬಣ್ಣ ಹಾಕಿ ಹಾಕಿ ಅವರ ಅಂಗೈಗಳೇ ನೀಲಿಗಟ್ಟಿರುತ್ತವೆ. ಅದೇ ಕಣಿವೆಯಲ್ಲಿ ಹ್ಮಾಂಗ್ ಹೆಂಗಸರು ತಾವೇ ಗೈಡುಗಳಾಗಿ, ತಾವೇ ನಡೆಸುವ ಚಾರಣದ ಸಂಸ್ಥೆಗಳೂ ಇವೆ. ತಾ ವಾನ್‌ನಂಥ ಹಳ್ಳಿಗಳಲ್ಲಿ ಮನೆಯವರೇ ನಡೆಸುವ ಹೋಂಸ್ಟೇಗಳಿವೆ. ನಮ್ಮ ಕೊಡಗು, ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ಎಂದರೆ ಸಾಮಾನ್ಯವಾಗಿ ತೋಟದ ಯಜಮಾನರದೇ ಮನೆ, ಅವರದೇ ದರ ಎಂಬುದು ನಮಗೆ ಗೊತ್ತು. ಹೊರದೇಶದಲ್ಲಿ ಬೋರ್ಡಿನ ಮೇಲೆ ಅದೇ ಹೆಸರಿದ್ದ ಮಾತ್ರಕ್ಕೆ ಒಳಗಿನ ಏರ್ಪಾಡೂ ಅದೇ ಎಂದು ತಿಳಿಯಬಾರದು.

ಹತ್ತು ದಿನದ ರಜೆಯಲ್ಲಿ ಹೋಗುವವರು ಇದನ್ನೆಲ್ಲ ಸಂಶೋಧನೆ ಮಾಡಲಾದೀತೇ ಎಂದರೆ, ಅಷ್ಟೇನೂ ಬೇಕಿಲ್ಲ. ಬುಕ್ ಮಾಡುವ ಮುನ್ನ ಬೆಂಗಳೂರಿನ ಏಜೆಂಟರಿಗೇ ಕೇಳಬಹುದು: ಈ ಹಳ್ಳಿ ಭೇಟಿಯಲ್ಲಿ ಮನೆಯವರಿಗೆ ಸಿಗುವುದೆಷ್ಟು, ಮನೆಯನ್ನು ಆರಿಸುವವರು ಯಾರು, ಗೈಡು ಆ ಊರಿನವರೇ, ಅಲ್ಲಿ ರಾತ್ರಿ ತಂಗಲು ಆಗುತ್ತದೆಯೇ. ಉತ್ತರ ಗೊತ್ತಿಲ್ಲದ ಏಜೆಂಟರು ಅಲ್ಲಿನ ತಮ್ಮ ಪಾಲುದಾರರನ್ನು ಕೇಳುತ್ತಾರೆ. ನಾಲ್ಕು ಗಿರಾಕಿಗಳು ಕೇಳಿದ ಮೇಲೆ ಅದು ಅವರ ಬ್ರೋಶರಿನಲ್ಲೂ ಬರುತ್ತದೆ. ಟಿಟಿಕಾಕಾಗೆ ಹೋಗುವವರಾದರೆ ಪುನೊದ ಹೋಟೆಲಿನಲ್ಲಿ ಟೂರ್ ಕೊಳ್ಳುವ ಬದಲು ಬೆಳಿಗ್ಗೆ ಬಂದರಿಗೇ ಹೋಗಿ, ದ್ವೀಪದವರೇ ನಡೆಸುವ ದೋಣಿಯಲ್ಲಿ ಟಿಕೆಟ್ ಕೊಳ್ಳಬಹುದು. ಅದು ನಿಧಾನದ ದೋಣಿ, ಮೇಲೆ ಮೂಟೆಗಳೂ ಇರುತ್ತವೆ. ದಡ ಸೇರಿದ ಮೇಲೆ ಒಂದು ರಾತ್ರಿಯಾದರೂ ತಂಗಿ, ಮನೆಯ ಬಾಡಿಗೆಯನ್ನು ಮನೆಯವರ ಕೈಗೇ ಕೊಡಬೇಕು. ಕೊಂಡೊಯ್ಯುವ ಅಕ್ಕಿ, ಎಣ್ಣೆ, ಹಣ್ಣುಗಳನ್ನು ಅವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಏಕೆಂದರೆ ಆ ಎತ್ತರದಲ್ಲಿ ಆಲೂಗಡ್ಡೆ, ಬಾರ್ಲಿ, ಕಿನೊವಾ ಬೆಳೆದೀತೇ ಹೊರತು ಭತ್ತ ಬೆಳೆಯುವುದಿಲ್ಲ.